ಎರಡು ಪೀಕ್‌ಗಳ ಜಗಳ: ಕಾರ್ಬನ್ ಮೊನಾಕ್ಸೈಡ್ ಸಾಕ್ಷಿ ಹೇಳಿದಾಗ

ಗ್ಯಾಸ್ ಗೀಸರ್ ಇರೋ ಬಾತ್‌ರೂಮಲ್ಲಿ ಕಿಟಕಿ ಮುಚ್ಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಅನ್ನೋ ಸುದ್ದಿನ ಪೇಪರಲ್ಲಿ ಆಗಾಗ ಓದ್ತಾನೇ ಇರ್ತೀವಿ. ಗ್ಯಾಸ್ ಪೂರ್ತಿ ಉರಿಯೋಕೆ ಗಾಳಿ ಸಾಲದೆ ಹೋದಾಗ ಹುಟ್ಟೋದು ಕಾರ್ಬನ್ ಮೊನಾಕ್ಸೈಡ್, ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತದಲ್ಲಿರೋ ಹಿಮೋಗ್ಲೋಬಿನ್ನಿನ ಕಬ್ಬಿಣಕ್ಕೆ ಒಂದು ಸಲ ಅಂಟಿಕೊಳ್ತು ಅಂದ್ರೆ ಆಮ್ಲಜನಕಕ್ಕೆ ಜಾಗಾನೇ ಬಿಡಲ್ಲ. ಸ್ಟೂಡೆಂಟ್‌ಗಳ ಮುಂದೆ ಮಾಡಿದ ಭಾಷಣಾನ ಇಲ್ಲಿ ಬರೆದಿದ್ದೀನಿ, ಅದರಲ್ಲಿ ನನ್ನ ಮಾತೆಲ್ಲ ಈ ಅಂಟಿಕೊಳ್ಳೋ ಬುದ್ಧಿ ಬಗ್ಗೆನೇ. ಜೀವ ತೆಗೆಯೋ ಆ ಗುಣಾನೇ ನಮ್ಮಂಥ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆನ ಚುರುಕು ಮಾಡೋ ವಸ್ತು) ಕೆಲಸ ಮಾಡೋರಿಗೆ ಅನ್ನ ಹಾಕ್ತಿದೆ. ಪ್ರತಿ ಸಲ ಕಾರ್ಬನ್ ಮೊನಾಕ್ಸೈಡ್ ಅಂತ ಪೂರ್ತಿ ಹೇಳೋಕಾಗಲ್ಲ, ಲ್ಯಾಬಲ್ಲಿ ನಾವು ಸಿಓ ಅಂತೀವಿ, ಇಲ್ಲೂ ಹಾಗೇ ಅಂತೀನಿ.

ನಿಮ್ಮ ಕಾರಿನ ಸೈಲೆನ್ಸರ್ ದಾರಿಯಲ್ಲಿ ಜೇನುಗೂಡಿನ ಥರ ತೂತು ತೂತಾಗಿರೋ ಒಂದು ಸೆರಾಮಿಕ್ ಗಟ್ಟಿ ಇರುತ್ತೆ, ಕ್ಯಾಟಲಿಟಿಕ್ ಕನ್ವರ್ಟರ್ ಅಂತ, ಹೊಗೆಯಲ್ಲಿರೋ ವಿಷ ಕಮ್ಮಿ ಮಾಡೋದು ಅದರ ಕೆಲಸ. ಅದರ ಗೋಡೆಗಳ ಮೇಲೆ ಅಲ್ಯೂಮಿನಾ ಅನ್ನೋ ಬಿಳಿ ಆಕ್ಸೈಡ್ ಪುಡಿಯ ಲೇಪ, ಆ ಲೇಪದ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಎಲ್ಲಾ ಸೇರಿಸಿದ್ರೂ ಕೆಲವೇ ಗ್ರಾಂ. ಇಷ್ಟು ಕಮ್ಮಿ ಲೋಹದಲ್ಲಿ ಇಷ್ಟು ಕೆಲಸ ಆಗ್ಬೇಕಂದ್ರೆ ಲೋಹನ ಸಣ್ಣ ಸಣ್ಣ ಕಣ ಮಾಡಿ ಹರಡಬೇಕು, ಕಣದ ಒಳಗೆ ಹೂತಿರೋ ಪರಮಾಣು ಯಾವ ಕೆಲಸಕ್ಕೂ ಬರಲ್ಲ, ಮೇಲ್ಮೈಯಲ್ಲಿರೋದಷ್ಟೇ ದುಡಿಯೋದು. ಒಂದೊಂದು ಕಣ ಎರಡು ಮೂರು ನ್ಯಾನೋಮೀಟರ್, ಕೆಲವು ಕಡೆ ಒಂಟಿ ಪರಮಾಣು. ಈಗ ಪ್ರಶ್ನೆ ಏನಪ್ಪಾ ಅಂದ್ರೆ, ಆ ಬಿಳಿ ಪುಡಿ ಮೇಲೆ ಲೋಹ ಯಾವ ರೂಪದಲ್ಲಿ ಕೂತಿದೆ? ಕಣವಾಗಿ ಗುಂಪಾಗಿದ್ಯಾ, ಒಂಟಿಯಾಗಿದ್ಯಾ, ಲೋಹವಾಗಿದ್ಯಾ ಇಲ್ಲ ಆಕ್ಸೈಡ್ ಆಗಿದ್ಯಾ? ಕಣ್ಣಿಗೆ ಕಾಣಲ್ಲ. ಅದಕ್ಕೆ ಒಬ್ಬ ಗೂಢಚಾರನ್ನ ಕಳಿಸ್ತೀವಿ. ಅವನೇ ಸಿಓ.

ಗೂಢಚಾರ ವಾಪಸ್ ಬಂದು ಹೇಳೋದು ಹೇಗೆ? ಸಿಓ ಅಂದ್ರೆ ಎರಡೇ ಪರಮಾಣು, ಮಧ್ಯೆ ಒಂದು ಬಂಧ, ಅದು ಸ್ಪ್ರಿಂಗ್ ಥರ ಕಂಪಿಸ್ತಾ ಇರುತ್ತೆ. ಆ ಕಂಪನಕ್ಕೆ ಸರಿಹೊಂದೋ ಇನ್‌ಫ್ರಾರೆಡ್ ಬೆಳಕು, ಅವಕೆಂಪು ಅಂತ ಸ್ಕೂಲಲ್ಲಿ ಓದಿರ್ತೀರಲ್ಲ ಅದೇ, ಹಾಯಿಸಿದ್ರೆ ಕುಡಿದುಬಿಡುತ್ತೆ. ಎಲ್ಲೆಲ್ಲಿ ಎಷ್ಟು ಬೆಳಕು ಕುಡೀತು ಅಂತ ಮೆಷೀನ್ ಬರೆಯೋ ಗೆರೆಚಿತ್ರಾನೇ ಸ್ಪೆಕ್ಟ್ರಮ್, ಅದರಲ್ಲಿ ಕುಡಿದ ಜಾಗದಲ್ಲಿ ಏಳೋ ಗುಡ್ಡಾನೇ ಪೀಕ್. ಎಲ್ಲಿಗೂ ಅಂಟದೆ ಗಾಳಿಯಲ್ಲಿ ಆರಾಮಾಗಿ ತೇಲೋ ಸಿಓ ಕುಡಿಯೋದು 2143ರ ಹತ್ತಿರ. ಈ ನಂಬರ್ ಅಂದ್ರೆ ಒಂದು ಸೆಂಟಿಮೀಟರ್ ಉದ್ದದಲ್ಲಿ ಆ ಬೆಳಕಿನ ಎಷ್ಟು ಅಲೆ ಕೂರುತ್ತೆ ಅನ್ನೋ ಲೆಕ್ಕ ಅಷ್ಟೇ, ವೇವ್‌ನಂಬರ್ ಅಂತಾರೆ, ಮುಂದೆ ಬರೀ ನಂಬರ್ ಹೇಳ್ತಾ ಹೋಗ್ತೀನಿ, ನೀವು ವೇವ್‌ನಂಬರ್ ಅಂತ ತಿಳ್ಕೊಳ್ಳಿ.

ಲೋಹಕ್ಕೆ ಅಂಟಿದ ಮೇಲೆ ಈ ನಂಬರ್ ಇಳಿಯುತ್ತೆ. ಯಾಕೆ ಅನ್ನೋದಕ್ಕೆ 1964ರಲ್ಲಿ ಅಮೆರಿಕದ ಬ್ಲೈಹೋಲ್ಡರ್ ಕೊಟ್ಟ ಚಿತ್ರಾನೇ ಇವತ್ತಿಗೂ ನಾವು ಕ್ಲಾಸಲ್ಲಿ ಹೇಳೋದು. ನಮ್ಮ ಕಡೆ ಕೊಟ್ಟು ತರೋ ಸಂಬಂಧ ಅಂತಾರಲ್ಲ, ಆ ಮನೆಗೆ ಹೆಣ್ಣು ಕೊಟ್ಟು ಅಲ್ಲಿಂದಾನೇ ಹೆಣ್ಣು ತರೋದು, ಅದೇ ಲೆಕ್ಕ. ಸಿಓ ತನ್ನ ಕಾರ್ಬನ್ ತುದಿಯಿಂದ ಲೋಹಕ್ಕೆ ಒಂದಿಷ್ಟು ಎಲೆಕ್ಟ್ರಾನ್ ಕೊಡುತ್ತೆ, ಲೋಹ ತನ್ನ ಡಿ ಎಲೆಕ್ಟ್ರಾನ್‌ಗಳನ್ನ, ಅಂದ್ರೆ ಡಿ ಅನ್ನೋ ಕಕ್ಷೆಯಲ್ಲಿರೋ ಎಲೆಕ್ಟ್ರಾನ್‌ಗಳನ್ನ, ವಾಪಸ್ ಕೊಡುತ್ತೆ. ಆದರೆ ವಾಪಸ್ ಬಂದಿದ್ದು ಹೋಗಿ ಕೂರೋದು ಸಿಓನ ಬಂಧವಿರೋಧಿ ಕಕ್ಷೆಯಲ್ಲಿ. ಅಲ್ಲಿ ಎಲೆಕ್ಟ್ರಾನ್ ಕೂತಷ್ಟೂ ಕಾರ್ಬನ್-ಆಕ್ಸಿಜನ್ ಬಂಧ ಸಡಿಲ ಆಗುತ್ತೆ. ತಂಬೂರಿಯ ಬಿರಡೆ ಸ್ವಲ್ಪ ತಿರುಗಿಸಿ ತಂತಿ ಸಡಿಲ ಮಾಡಿದ್ರೆ ಶ್ರುತಿ ಇಳಿಯುತ್ತಲ್ಲ, ಹಾಗೆ. ಹಿಮೋಗ್ಲೋಬಿನ್ನಿಗೆ ಅಂಟಿದ ಸಿಓನ ಶ್ರುತಿ 1951ಕ್ಕೆ ಇಳಿದಿರುತ್ತೆ.

ಅಲ್ಯೂಮಿನಾ ಅಥವಾ ಸಿಲಿಕಾ ಮೇಲಿನ ಪ್ಲಾಟಿನಂ ಕಣದ ಒಂದೇ ಪರಮಾಣುವಿನ ತಲೆ ಮೇಲೆ ನೆಟ್ಟಗೆ ಕೂತ್ರೆ ಸುಮಾರು 2070. ಎರಡು ಪರಮಾಣುಗಳ ಮಧ್ಯೆ ಸೇತುವೆ ಥರ ಕೂತ್ರೆ ಎರಡೂ ಕಡೆಯಿಂದ ಎಲೆಕ್ಟ್ರಾನ್ ಬರುತ್ತೆ, 1850ರ ಆಸುಪಾಸಿಗೆ ಇಳಿಯುತ್ತೆ. ಪಲ್ಲಾಡಿಯಂಗೆ ಈ ಸೇತುವೆ ಚಟ ಜಾಸ್ತಿ, 1900ರಿಂದ 1990ರ ತನಕ ದೊಡ್ಡ ಗುಡ್ಡಾನೇ ಬರುತ್ತೆ. ಅದೇ ಸಿಓ ಆಕ್ಸೈಡಿನ ಮೇಲಿರೋ ಟೈಟಾನಿಯಂ ಅಯಾನಿಗೋ ಅಲ್ಯೂಮಿನಿಯಂ ಅಯಾನಿಗೋ ಅಂಟಿದ್ರೆ ಅಲ್ಲಿ ವಾಪಸ್ ಕೊಡೋಕೆ ಡಿ ಎಲೆಕ್ಟ್ರಾನೇ ಇಲ್ಲ, ಬರೀ ಇಸ್ಕೊಳ್ಳೋ ಮನೆ ಅದು, ಹಾಗಾಗಿ ಶ್ರುತಿ ಇಳಿಯೋ ಬದಲು ಮೇಲಕ್ಕೆ, 2180, 2200, ಹೀಗೆ ಹೋಗುತ್ತೆ. ಅಂದ್ರೆ ಒಂದು ನಂಬರ್ ನೋಡಿದ್ರೆ ಯಾರ ಮನೇಲಿ ಊಟ ಮಾಡ್ಕೊಂಡು ಬಂದ ಅಂತ ಗೊತ್ತಾಗುತ್ತೆ.

ಇದನ್ನ ಮೊದಲು ಚೆನ್ನಾಗಿ ಮಾಡಿ ತೋರಿಸಿದ್ದು ಯೂನಿವರ್ಸಿಟಿಯೋರಲ್ಲ, ಎಣ್ಣೆ ಕಂಪನಿಯೋರು. 1950ರ ದಶಕದ ಮಧ್ಯದಲ್ಲಿ ನ್ಯೂಯಾರ್ಕ್ ರಾಜ್ಯದ ಬೀಕನ್ ಅನ್ನೋ ಊರಲ್ಲಿದ್ದ ಟೆಕ್ಸಾಕೊ ಲ್ಯಾಬಲ್ಲಿ ಐಶೆನ್ಸ್, ಪ್ಲಿಸ್ಕಿನ್, ಫ್ರಾನ್ಸಿಸ್ ಅನ್ನೋ ಮೂವರು. ಅವರ ಜಾಣತನ ಇದ್ದಿದ್ದು ಪುಡಿಯಲ್ಲಿ. ಲೋಹದ ತಗಡಿನ ಮೇಲೆ ಕೂರೋ ಒಂದು ಪದರ ಸಿಓ ಆಗಿನ ಮೆಷೀನಿಗೆ ಕಾಣ್ತಾನೇ ಇರಲಿಲ್ಲ, ಅದಕ್ಕೆ ತುಂಬಾ ನಯವಾದ ಸಿಲಿಕಾ ಪುಡಿ ಮೇಲೆ ಲೋಹ ಹರಡಿದ್ರು. ಪುಡಿಯ ಕಣ ಬೆಳಕಿನ ಅಲೆಗಿಂತ ಎಷ್ಟೋ ಸಣ್ಣದಾದ್ರಿಂದ ಬೆಳಕು ಚದುರದೆ ದಾಟಿ ಹೋಗುತ್ತೆ, ಮೇಲ್ಮೈ ಮಾತ್ರ ಬೇಕಾದಷ್ಟು ಸಿಗುತ್ತೆ.

ನಾವು ಇವತ್ತು ಮಾಡೋದೂ ಹೆಚ್ಚೂಕಮ್ಮಿ ಅದನ್ನೇ. ಇಪ್ಪತ್ತು ಮಿಲಿಗ್ರಾಂ ಪುಡಿ ತಗೊಂಡು 13 ಮಿಲಿಮೀಟರ್ ಡೈನಲ್ಲಿ ಹಾಕಿ ಒತ್ತಿದ್ರೆ ತೆಳ್ಳಗೆ ಒಂದು ಬಿಲ್ಲೆ ಬರುತ್ತೆ. ನೋಡೋಕೆ ಪುಟ್ಟ ಹಪ್ಪಳ, ಮುಟ್ಟಿದ್ರೆ ಹಪ್ಪಳಕ್ಕಿಂತ ಕಡೆ. ಜಾಸ್ತಿ ಒತ್ತಿದ್ರೆ ಗಾಜಿನ ಥರ ಸೀಳುತ್ತೆ, ಕಮ್ಮಿ ಒತ್ತಿದ್ರೆ ಚಿಮಟದಲ್ಲಿ ಎತ್ತುವಾಗಲೇ ಉದುರಿ ಹೋಗುತ್ತೆ, ನಾನು ಮೊದಲನೇ ವಾರ ಮಾಡಿದ ಬಿಲ್ಲೆಗಳಲ್ಲಿ ಒಂದೂ ಮೆಷೀನ್ ತನಕ ಹೋಗಲಿಲ್ಲ, ಆಮೇಲೆ ಕೈಗೆ ತಾನಾಗೇ ಅಭ್ಯಾಸ ಆಯ್ತು, ಎಷ್ಟು ಒತ್ತಡ ಅಂತ ಯಾರಾದ್ರೂ ಕೇಳಿದ್ರೆ ಈಗಲೂ ನಂಬರ್ ಹೇಳೋಕೆ ಬರಲ್ಲ. ಆ ಇಪ್ಪತ್ತು ಮಿಲಿಗ್ರಾಂನಲ್ಲಿ ಲೋಹ ಶೇಕಡಾ 1 ಅಂದ್ರೆ 0.2 ಮಿಲಿಗ್ರಾಂ, ಒಂದು ಸಾಸಿವೆ ಕಾಳಿಗಿಂತ ಎಷ್ಟೋ ಹಗುರ. ಆದರೆ ಅಲ್ಯೂಮಿನಾದ ಒಳಗಿನ ಸಂದುಗೊಂದು ಎಲ್ಲಾ ಬಿಡಿಸಿ ಹರಡಿದ್ರೆ ಅದೇ ಬಿಲ್ಲೆ ಒಂದು ಡಬಲ್ ಕಾಟ್ ಮಂಚದಷ್ಟು ಅಗಲ ಆಗುತ್ತೆ.

ಬಿಲ್ಲೆನ ಸೆಲ್‌ನಲ್ಲಿ, ಅಂದ್ರೆ ಬೆಳಕು ದಾಟೋ ಹಾಗಿರೋ ಮುಚ್ಚಿದ ಡಬ್ಬಿಯಲ್ಲಿ, ನಿಲ್ಲಿಸಿ, ಎರಡೂ ಕಡೆ ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿ, ಹೈಡ್ರೋಜನ್ನಲ್ಲಿ ಬಿಸಿ ಮಾಡಿ ಲೋಹ ಮಾಡ್ಕೊಂಡು, ತಣ್ಣಗೆ ಮಾಡಿ, ಸಿಓ ಬಿಡ್ತೀವಿ. ಮೊದಲು ಕಾಣೋದು ಅಂಟಿದ ಸಿಓ ಅಲ್ಲ, ಸೆಲ್ ತುಂಬಾ ಸುಮ್ಮನೆ ಅಲೆದಾಡ್ತಿರೋ ಸಿಓ. ಅದರ ಗುರುತು ಪಕ್ಕಾ, ಬಾಚಣಿಗೆ ಹಲ್ಲಿನ ಥರ ಸಾಲು ಸಾಲು ಗೆರೆ, 2143ರ ಜಾಗದಲ್ಲಿ ಮಾತ್ರ ಒಂದು ಹಲ್ಲು ಮುರಿದ ಹಾಗೆ ಖಾಲಿ. ಅಣು ಕಂಪಿಸುವಾಗ ಜೊತೆಗೆ ತಿರುಗೋ ಗತಿನೂ ಒಂದು ಮೆಟ್ಟಿಲು ಬದಲಾಗಲೇಬೇಕು ಅನ್ನೋ ನಿಯಮ ಇರೋದ್ರಿಂದ ಸರಿ ಮಧ್ಯದ ಗೆರೆ ಬರೋದೇ ಇಲ್ಲ. ಹೀಲಿಯಂ ಬಿಟ್ಟು ತೊಳೆದ ಮೇಲೆ ಬಾಚಣಿಗೆ ಮಾಯ, ಅಂಟಿದ್ದು ಉಳಿಯುತ್ತೆ. ಉಳಿದಿದ್ದರ ಮೇಲೆ ನಮ್ಮ ಪೇಪರ್, ಪಿಎಚ್‌ಡಿ, ಜಗಳ ಎಲ್ಲಾ.

ಒಂದು ಪೀಕ್ ನನಗೆ ಮಾಡಿದ ಮೋಸ ಹೇಳ್ಬಿಡ್ತೀನಿ, ಮುಂದಿನ ಕಥೆಗೆ ಬೇಕಾಗುತ್ತೆ. ಸ್ಟೂಡೆಂಟ್ ಆಗಿದ್ದಾಗ ನನ್ನ ಸ್ಪೆಕ್ಟ್ರಮಲ್ಲಿ 2057ರ ಹತ್ತಿರ ಚೂಪಾದ ಒಂದು ಪೀಕ್ ಬರೋಕೆ ಶುರುವಾಯ್ತು. ಯಾರ ಪೇಪರಲ್ಲೂ ನನ್ನ ಲೋಹಕ್ಕೆ ಆ ಥರ ಪೀಕ್ ಇರಲಿಲ್ಲ. ಹೊಸ ಸೈಟ್, ಅಂದ್ರೆ ಸಿಓ ಕೂರೋ ಹೊಸ ಜಾಗ, ಸಿಕ್ತು ಅಂತ ಮೂರು ವಾರ ನೆಲದ ಮೇಲೆ ನಡೀಲಿಲ್ಲ ನಾನು. ಸೀನಿಯರ್ ಒಬ್ಬರು ಬಂದು ನೋಡಿದ್ರು, ಏನೂ ಹೊಗಳಲಿಲ್ಲ, "ಖಾಲಿ ಬಿಲ್ಲೆ ಹಾಕಿ ನೋಡಿದ್ಯೇನಪ್ಪಾ?" ಅಂದ್ರು ಅಷ್ಟೇ. ಲೋಹಾನೇ ಇಲ್ಲದ ಬರೀ ಅಲ್ಯೂಮಿನಾ ಹಾಕ್ದೆ. ಪೀಕ್ ಅಲ್ಲೇ ಇತ್ತು, ಅದೇ ಜಾಗ, ಅಷ್ಟೇ ಚೂಪು.

ಅದು ನಿಕ್ಕೆಲ್ ಕಾರ್ಬೊನಿಲ್. ಸಿಓ ಒತ್ತಡದಲ್ಲಿ ಸ್ಟೀಲ್ ಸಿಲಿಂಡರಲ್ಲೋ ರೆಗ್ಯುಲೇಟರಲ್ಲೋ ತಿಂಗಳುಗಟ್ಟಲೆ ಇದ್ರೆ ಅಲ್ಲಿರೋ ನಿಕ್ಕೆಲ್ಲು, ಕಬ್ಬಿಣಾನ ಒಂದೊಂದೇ ಪರಮಾಣುವಾಗಿ ಕಿತ್ಕೊಂಡು ಕಾರ್ಬೊನಿಲ್ ಆಗಿ ಹಾರಿಸ್ಕೊಂಡು ಬರುತ್ತೆ. ಒಂದು ನಿಕ್ಕೆಲ್, ಸುತ್ತ ನಾಲ್ಕು ಸಿಓ, 43 ಡಿಗ್ರಿಗೇ ಕುದಿಯೋ ದ್ರವ. ಲೋಹ ಅನ್ನೋದು ಆವಿಯಾಗಿ ಪೈಪಲ್ಲಿ ಹರಿದು ಬರುತ್ತೆ ಅಂದ್ರೆ ನಂಬೋಕೆ ಕಷ್ಟ, ಆದರೆ 1890ರಲ್ಲೇ ಲುಡ್ವಿಗ್ ಮಾಂಡ್ ಇದನ್ನ ಕಂಡುಹಿಡಿದು ಶುದ್ಧ ನಿಕ್ಕೆಲ್ ಮಾಡೋ ಉದ್ಯಮಾನೇ ಕಟ್ಟಿದ್ರು. ಮಹಾ ವಿಷ ಬೇರೆ, ಸಿಓಗಿಂತ ಎಷ್ಟೋ ಕೆಟ್ಟದ್ದು. ಪರಿಹಾರ ಸುಲಭ, ಸೆಲ್‌ಗೆ ಹೋಗೋ ಮುಂಚೆ ಗ್ಯಾಸನ್ನ ಸ್ಫಟಿಕದ ಚೂರು ತುಂಬಿದ ಬಿಸಿ ಕೊಳವೆಯಲ್ಲಿ ಹಾಯಿಸಿದ್ರೆ ಕಾರ್ಬೊನಿಲ್ ಒಡೆದು ಲೋಹ ಅಲ್ಲೇ ಉಳ್ಕೊಳ್ಳುತ್ತೆ, ಇಲ್ಲಾಂದ್ರೆ ಅಲ್ಯೂಮಿನಿಯಂ ಸಿಲಿಂಡರ್ ತರಿಸ್ಕೊಳ್ಳಿ. ನನ್ನ ಮೂರು ವಾರ ಮಾತ್ರ ಹೋಯ್ತು. ನೀವು ನೆನಪಲ್ಲಿ ಇಟ್ಕೊಳ್ಳಬೇಕಾದ್ದು ಒಂದೇ: ಸಿಓ ಬರೀ ಬಂದು ಕೂರೋ ಅತಿಥಿ ಅಲ್ಲ, ಲೋಹದ ಪರಮಾಣುನ ಕಿತ್ತು ತಗೊಂಡು ಹೋಗಬಲ್ಲ ಆಸಾಮಿ.

ಈಗ ರೋಡಿಯಂ. ಕನ್ವರ್ಟರಲ್ಲಿ ನೈಟ್ರಿಕ್ ಆಕ್ಸೈಡನ್ನ ಸಾರಜನಕ ಮಾಡೋಕೆ ಬೇಕಾದ ಲೋಹ, ಬೆಲೆ ಕೇಳಿದ್ರೆ ತಲೆ ತಿರುಗುತ್ತೆ. 1957ರಲ್ಲಿ ಯಾಂಗ್ ಮತ್ತು ಗಾರ್ಲೆಂಡ್ ಅನ್ನೋರು ಅಲ್ಯೂಮಿನಾ ಮೇಲಿನ ರೋಡಿಯಂಗೆ ಸಿಓ ಹಾಕಿ ನೋಡಿದ್ರು. ನೆಟ್ಟಗೆ ಕೂತಿದ್ದರ ಪೀಕ್ ಇತ್ತು, ಸೇತುವೆ ಪೀಕ್ ಇತ್ತು, ಅವೆರಡೂ ನಿರೀಕ್ಷೆ ಮಾಡಿದ್ದೇ. ಜೊತೆಗೆ ಇನ್ನೊಂದು ಜೋಡಿ, ಒಂದು 2100ರ ಹತ್ತಿರ, ಇನ್ನೊಂದು 2030ರ ಹತ್ತಿರ. ಈ ಎರಡೂ ಒಟ್ಟಿಗೆ ಹುಟ್ಟುತ್ತೆ, ಒಟ್ಟಿಗೆ ಬೆಳೆಯುತ್ತೆ, ಒಟ್ಟಿಗೆ ಸಾಯುತ್ತೆ. ಅವಳಿ ಜವಳಿ. ಅವರು ಹೇಳಿದ್ದು, ಒಂದೇ ರೋಡಿಯಂ ಪರಮಾಣು ಮೇಲೆ ಎರಡು ಸಿಓ ಕೂತಿದೆ, ಎರಡೂ ಒಟ್ಟಿಗೆ ಹಿಗ್ಗಿದ್ರೆ ಮೇಲಿನ ನಂಬರ್, ಒಂದು ಹಿಗ್ಗಿ ಇನ್ನೊಂದು ಕುಗ್ಗಿದ್ರೆ ಕೆಳಗಿನ ನಂಬರ್.

ಇಲ್ಲೊಂದು ಚೆಂದದ ವಿಷಯ ಇದೆ, ಬೋರ್ಡ್ ಮೇಲೆ ಬರೆದು ತೋರಿಸ್ದೆ, ಇಲ್ಲಿ ಬಾಯಲ್ಲೇ ಹೇಳ್ತೀನಿ. ಆ ಎರಡು ಸಿಓ ಮಧ್ಯೆ ಇರೋ ಕೋನನ ಪೀಕ್‌ಗಳ ವಿಸ್ತೀರ್ಣದಿಂದಲೇ ಅಳೀಬಹುದು. ಕೆಳಗಿನ ಪೀಕ್ ವಿಸ್ತೀರ್ಣನ ಮೇಲಿನದ್ರಿಂದ ಭಾಗಿಸಿದ್ರೆ ಅರ್ಧ ಕೋನದ ಟ್ಯಾಂಜೆಂಟಿನ ವರ್ಗ ಬರುತ್ತೆ. ಎರಡೂ ಪೀಕ್ ಸಮ ಇದ್ರೆ ಭಾಗಲಬ್ಧ ಒಂದು, ಅರ್ಧ ಕೋನ 45, ಪೂರ್ತಿ ಕೋನ 90 ಡಿಗ್ರಿ. ರೋಡಿಯಂ ಮೇಲೆ ಹೆಚ್ಚೂಕಮ್ಮಿ ಹಾಗೇ ಬರುತ್ತೆ. ಕಣ್ಣಿಗೆ ಕಾಣದ ಪರಮಾಣು ಮೇಲಿನ ಕೋನನ ಪೆನ್ಸಿಲ್ಲು ಸ್ಕೇಲಲ್ಲಿ ಅಳೆದ ಹಾಗೆ, ನನಗಂತೂ ಮೊದಲನೇ ಸಲ ಲೆಕ್ಕ ಮಾಡಿದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಅವಳಿ ಪೀಕ್‌ಗೆ ಇನ್ನೊಂದು ವಿಚಿತ್ರ. ಸಿಓ ಜಾಸ್ತಿ ಹಾಕಿದ್ರೂ ಕಮ್ಮಿ ಹಾಕಿದ್ರೂ ಪೀಕ್ ಇದ್ದ ಜಾಗದಿಂದ ಅಲ್ಲಾಡಲ್ಲ. ಕಣದ ಮೇಲೆ ಕೂತ ಸಿಓ ಹಾಗಲ್ಲ, ಪಕ್ಕದಲ್ಲಿ ಇನ್ನೊಬ್ಬ ಬಂದು ಕೂತ ಅಂದ್ರೆ ಇಬ್ಬರ ಕಂಪನಾನೂ ಒಂದಕ್ಕೊಂದು ತಾಳ ಹಾಕೋಕೆ ಶುರು ಮಾಡಿ ನಂಬರ್ ಮೇಲಕ್ಕೆ ಜಾರುತ್ತೆ, ಪ್ಲಾಟಿನಂ ಮೇಲೆ ಖಾಲಿ ಇದ್ದಾಗಿಂದ ತುಂಬೋ ಹೊತ್ತಿಗೆ 30, 40 ವೇವ್‌ನಂಬರ್ ಸರಿಯುತ್ತೆ. ಇದು ನಿಜವಾಗಲೂ ಪಕ್ಕದವರ ಪ್ರಭಾವಾನಾ ಅಂತ ನೋಡೋಕೆ ಭಾರದ ಕಾರ್ಬನ್-13 ಇರೋ ಸಿಓ ಬೆರೆಸ್ತೀವಿ, ಅದರ ಶ್ರುತಿ 2143ರ ಬದಲು 2096, ತಾಳ ಕೂಡಲ್ಲ, ಜಾರೋದು ನಿಲ್ಲುತ್ತೆ. ಜಾರೋದಷ್ಟೇ ಅಲ್ಲ, ಮೇಲಿನ ನಂಬರಿನ ಪೀಕ್ ಕೆಳಗಿನ ಪೀಕಿನ ಬಲಾನೂ ಕದ್ಕೊಳ್ಳುತ್ತೆ, ಹಾಗಾಗಿ ಎತ್ತರ ನೋಡಿ "ಇಲ್ಲಿ ಇಷ್ಟು, ಅಲ್ಲಿ ಇಷ್ಟು" ಅಂತ ತಲೆ ಎಣಿಸೋರನ್ನ ನಂಬಬೇಡಿ. ಸರಿ, ವಿಷಯಕ್ಕೆ ಬರೋಣ. ಪೀಕ್ ಅಲ್ಲಾಡಲ್ಲ ಅಂದ್ರೆ ಆ ರೋಡಿಯಂಗೆ ಅಕ್ಕಪಕ್ಕದ ಮನೆಯೋರಿಲ್ಲ, ಒಂಟಿ ಪರಮಾಣು. ಲೋಹದ ಸ್ಥಿತಿಯಲ್ಲೂ ಇಲ್ಲ, ಒಂದು ಪಾಸಿಟಿವ್ ಚಾರ್ಜ್ ಇರೋ ಅಯಾನು. ಎಲ್ಲಾ ಸರಿಹೋಯ್ತು ಅನ್ಕೊಂಡ್ರು.

ಆದರೆ ಅದೇ ಪುಡಿನ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲೋ ಎಕ್ಸ್-ರೇಯಲ್ಲೋ ನೋಡಿದ್ರೆ ಕಾಣ್ತಿದ್ದದ್ದು ಕಣ, ಹೈಡ್ರೋಜನ್ನಲ್ಲಿ ಅಪಕರ್ಷಿಸಿದ ಶುದ್ಧ ಲೋಹದ ಕಣ. ಒಂದು ಗುಂಪು ಒಂಟಿ ಅನ್ನುತ್ತೆ, ಇನ್ನೊಂದು ಗುಂಪು ಕಣ ಅನ್ನುತ್ತೆ, ಇಬ್ಬರ ಡೇಟಾನೂ ಅಪ್ಪಟ. ಇದು ಎರಡು ದಶಕಕ್ಕಿಂತ ಜಾಸ್ತಿ ನಡೀತು.

1980ರ ದಶಕದ ಮೊದಲ ಭಾಗದಲ್ಲಿ ನೆದರ್‌ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ಕೋನಿಂಗ್ಸ್‌ಬರ್ಗರ್, ಪ್ರಿನ್ಸ್ ಗುಂಪಿನವರು ಒಂದು ಸರಳ ಕೆಲಸ ಮಾಡಿದ್ರು. ಎಕ್ಸಾಫ್ಸ್ ಅಂತ ಒಂದು ಎಕ್ಸ್-ರೇ ವಿಧಾನ ಇದೆ, ಒಂದು ಪರಮಾಣು ಸುತ್ತ ಯಾರು ಎಷ್ಟು ದೂರದಲ್ಲಿದ್ದಾರೆ ಅಂತ ಎಣಿಸಿ ಹೇಳುತ್ತೆ. ಅದನ್ನ ಸಿಓ ಹಾಕೋ ಮುಂಚೆ ಒಂದು ಸಲ, ಹಾಕಿದ ಮೇಲೆ ಇನ್ನೊಂದು ಸಲ ತೆಗೆದ್ರು. ಮುಂಚೆ: ರೋಡಿಯಂ ಸುತ್ತ ರೋಡಿಯಂ ನೆರೆಯವರು, ಅಂದ್ರೆ ಪುಟ್ಟ ಕಣ. ಆಮೇಲೆ, ಬರೀ ರೂಮ್ ಟೆಂಪರೇಚರಲ್ಲಿ: ರೋಡಿಯಂ ನೆರೆಯವರು ಮಾಯ, ಪ್ರತಿ ರೋಡಿಯಂ ಪಕ್ಕ ಎರಡು ಕಾರ್ಬನ್, ಕೆಳಗೆ ಅಲ್ಯೂಮಿನಾದ ಆಕ್ಸಿಜನ್. ನಾವು ಏನಿದೆ ಅಂತ ನೋಡ್ಕೊಂಡು ಬಾರಪ್ಪಾ ಅಂತ ಕಳಿಸಿದ ಗೂಢಚಾರ ಮನೆನೇ ಕೆಡವಿ, ಇಟ್ಟಿಗೆ ಇಟ್ಟಿಗೆ ಬಿಡಿಸಿ ಹರಡಿ, "ಸ್ವಾಮಿ, ಅಲ್ಲಿ ಬರೀ ಬಿಡಿ ಇಟ್ಟಿಗೆ ಇದೆ" ಅಂತ ವರದಿ ಕೊಟ್ಟಿದ್ದ. ಸುಳ್ಳೇನೂ ಹೇಳಿರಲಿಲ್ಲ. ಸಿಲಿಂಡರಲ್ಲಿ ನಿಕ್ಕೆಲ್ ಕಿತ್ತ ಕೈನೇ ಇದು.

ಕಿತ್ತ ರೋಡಿಯಂಗೆ ಪಾಸಿಟಿವ್ ಚಾರ್ಜ್ ಎಲ್ಲಿಂದ ಬಂತು ಅಂತ ನಿಮ್ಮಲ್ಲಿ ಯಾರಾದ್ರೂ ಕೇಳಲೇಬೇಕು, ಸಿಓ ಉತ್ಕರ್ಷಣಕಾರಿ ಅಲ್ವಲ್ಲ. ಇದನ್ನ ಬಿಡಿಸಿದ್ದು ಹಂಗೆರಿಯ ಸೆಗೆಡ್‌ನಲ್ಲಿದ್ದ ಶೋಯ್ಮೋಶಿ, ಅಮೆರಿಕದ ಪಿಟ್ಸ್‌ಬರ್ಗಲ್ಲಿದ್ದ ಯೇಟ್ಸ್ ಗುಂಪುಗಳು. ಅಲ್ಯೂಮಿನಾ ಮೇಲೆಲ್ಲ ಹೈಡ್ರಾಕ್ಸಿಲ್ ಗುಂಪು, ಅಂದ್ರೆ ಆಕ್ಸಿಜನ್-ಹೈಡ್ರೋಜನ್ ಜೋಡಿ, ಮುಳ್ಳಿನ ಥರ ನಿಂತಿರುತ್ತೆ, ಅವುಗಳ ಪೀಕ್ 3700ರ ಆಸುಪಾಸಲ್ಲಿ. ಅವಳಿ ಪೀಕ್ ಬೆಳೀತಾ ಹೋದ ಹಾಗೆ ಆ ಹೈಡ್ರಾಕ್ಸಿಲ್ ಪೀಕ್ ಇಳೀತಾ ಹೋಗುತ್ತೆ. ಹೈಡ್ರೋಜನ್ ಬಿಟ್ಟುಹೋಗಿ ಆಕ್ಸಿಜನ್ ರೋಡಿಯಂನ ಹಿಡ್ಕೊಳ್ಳುತ್ತೆ. ಅಂದ್ರೆ ಮನೆ ಕೆಡವೋದ್ರಲ್ಲಿ ನೆಲಾನೂ ಶಾಮೀಲು. ಆಮೇಲೆ 1990ರ ದಶಕದ ಕೊನೆಗೆ ಸೆಗೆಡ್‌ನೋರೇ ಟೈಟಾನಿಯಂ ಡೈಆಕ್ಸೈಡ್ ಮೇಲೆ ಇಟ್ಟ ರೋಡಿಯಂ ಕಣಗಳು ಸಿಓ ಬಂದ ಮೇಲೆ ಬಿಡಿಬಿಡಿ ಆಗೋದನ್ನ ಎಸ್‌ಟಿಎಂ ಚಿತ್ರದಲ್ಲೇ, ಅಂದ್ರೆ ಚೂಪು ಸೂಜಿಯಿಂದ ಮೇಲ್ಮೈನ ತಡಕಿ ತೆಗೆಯೋ ಚಿತ್ರದಲ್ಲೇ, ತೋರಿಸಿದ್ರು. ಇನ್ನೂ ಬಿಸಿ ಮಾಡಿದ್ರೆ ಉಲ್ಟಾ, ಅದೇ ಸಿಓ ಬಿಡಿ ರೋಡಿಯಂನ ಮತ್ತೆ ಅಪಕರ್ಷಿಸಿ ಗುಂಪು ಸೇರಿಸುತ್ತೆ.

ನಮ್ಮ ಬೆಂಗಳೂರಿಗೂ ಈ ಪ್ರಶ್ನೆ ಬಂದಿದೆ. ಐಐಎಸ್‌ಸಿಯಲ್ಲಿ ಕೆ.ಸಿ. ಪಾಟೀಲರು ಬೆಳೆಸಿದ ಒಂದು ವಿಧಾನ ಇದೆ, ಲೋಹದ ನೈಟ್ರೇಟು ಜೊತೆಗೆ ಯೂರಿಯಾ ಥರದ ಇಂಧನ ಕಲಸಿ ಬಿಸಿ ಕುಲುಮೆಗೆ ಇಟ್ರೆ ನೊರೆ ಬಂದು ಭಗ್ ಅಂತ ಹೊತ್ತಿಕೊಂಡು ಅರಳಿನ ಥರ ಹಗುರ ಆಕ್ಸೈಡ್ ಉಳಿಯುತ್ತೆ. ಎಂ.ಎಸ್. ಹೆಗ್ಡೆಯವರು ಅದೇ ದಾರಿಯಲ್ಲಿ ಸೀರಿಯಂ ಆಕ್ಸೈಡಿನ ಹರಳಿನ ಒಳಗೇ ಪಲ್ಲಾಡಿಯಂ, ಪ್ಲಾಟಿನಂನ ಅಯಾನಾಗಿ ಕೂರಿಸಿದ್ರು. ಅಯಾನಾಗಿ ದೂರ ದೂರ ಕೂತಿದ್ರೆ ಸೇತುವೆ ಪೀಕ್ ಬರೋಕೆ ಎರಡು ದಡಾನೇ ಇರಲ್ಲ. ಆದರೆ ಅಂಥ ಸ್ಯಾಂಪಲ್ ಯಾರದ್ದೇ ಆಗಲಿ, ಸಿಓ ಹಾಕಿ ಹೊತ್ತು ಕಳೆದ್ರೆ, ಸ್ವಲ್ಪ ಬಿಸಿನೂ ಇದ್ರೆ, ಸಿಓ ತಾನೇ ಪಲ್ಲಾಡಿಯಂ ಅಯಾನನ್ನ ಲೋಹ ಮಾಡೋಕೆ ಶುರು ಮಾಡಬಹುದು. ಹತ್ತನೇ ನಿಮಿಷದಲ್ಲಿ ಕಂಡ ಸೇತುವೆ ಮೊದಲನೇ ನಿಮಿಷದಲ್ಲಿ ಇತ್ತಾ ಅಂತ ಕೇಳ್ಕೋಬೇಕು.

ಈಗಿನ ಜಗಳ ಒಂಟಿ ಪರಮಾಣು ಕ್ಯಾಟಲಿಸ್ಟ್ ಬಗ್ಗೆ. 2011ರಲ್ಲಿ ಚೀನಾದ ದಾಲಿಯನ್‌ನಿಂದ ತಾವ್ ಝಾಂಗ್ ಗುಂಪು ಕಬ್ಬಿಣದ ಆಕ್ಸೈಡ್ ಮೇಲೆ ಒಂಟಿ ಪ್ಲಾಟಿನಂ ಕೂರಿಸಿ ಅದು ಸಿಓನ ಚೆನ್ನಾಗಿ ಆಕ್ಸಿಡೈಸ್ ಮಾಡುತ್ತೆ ಅಂದ್ರು. 2015ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯಿಂದ ಪೀಟರ್ ಸ್ಟೇರ್ ಗುಂಪು ಜಿಯೋಲೈಟ್ (ಸಣ್ಣ ಸಣ್ಣ ರಂಧ್ರ ಇರೋ ಒಂದು ಥರದ ಆಕ್ಸೈಡ್) ಮತ್ತೆ ಬೇರೆ ಆಕ್ಸೈಡ್ ಮೇಲೆ ನೋಡಿ, ಕೆಲಸ ಮಾಡೋದು ಕಣ, ಒಂಟಿ ಪ್ಲಾಟಿನಂ ಸಿಓನ ಗಟ್ಟಿಯಾಗಿ ಹಿಡ್ಕೊಂಡು ಸುಮ್ಮನೆ ಕೂತಿರುತ್ತೆ ಅಂದ್ರು. ಅವರ ವಾದ ನಿಂತಿದ್ದು ಎರಡು ಪೀಕ್ ಮೇಲೆ, ಆಕ್ಸಿಜನ್ ಬಿಟ್ಟಾಗ ಕಣದ ಪೀಕ್ 100 ಡಿಗ್ರಿ ಒಳಗೇ ಕರಗಿ ಹೋಗುತ್ತೆ, 2115ರ ಹತ್ತಿರ ಇರೋ ಒಂಟಿ ಪ್ಲಾಟಿನಂನ ಪೀಕ್ ಜಪ್ಪಯ್ಯ ಅಂದ್ರೂ ಹೋಗಲ್ಲ. ಅದಾದ ಎರಡೇ ವರ್ಷಕ್ಕೆ ಫಿಲಿಪ್ ಕ್ರಿಸ್ಟೋಫರ್ ಗುಂಪು ಟೈಟಾನಿಯಂ ಡೈಆಕ್ಸೈಡ್ ಮೇಲೆ, ಒಂದೊಂದು ಆಕ್ಸೈಡ್ ಕಣಕ್ಕೆ ಸರಾಸರಿ ಒಂದಕ್ಕಿಂತ ಕಮ್ಮಿ ಪ್ಲಾಟಿನಂ ಬರೋ ಹಾಗೆ ಜಿಪುಣತನದಲ್ಲಿ ಹಾಕಿ, ಒಂಟಿನೇ ಚೆನ್ನಾಗಿ ದುಡಿಯುತ್ತೆ ಅಂದ್ರು. ನನ್ನನ್ನ ಕೇಳಿದ್ರೆ ಮೂವರೂ ಸುಳ್ಳು ಹೇಳ್ತಿಲ್ಲ, ನೆಲ ಬೇರೆ, ಮುಂಚೆ ಕೊಟ್ಟ ಉಪಚಾರ ಬೇರೆ, ಕೊನೆಯವರೇ ಆಮೇಲೆ 2019ರಲ್ಲಿ ತೋರಿಸಿದ ಹಾಗೆ ಒಂದೇ ಆಕ್ಸೈಡ್ ಮೇಲೂ ಒಂಟಿ ಪ್ಲಾಟಿನಂ ಆಕ್ಸಿಜನ್ನಲ್ಲಿ ಕಾಯಿಸಿದ್ರೆ ಒಂದು ಥರ ಕೂರುತ್ತೆ, ಹೈಡ್ರೋಜನ್ನಲ್ಲಿ ಕಾಯಿಸಿದ್ರೆ ಇನ್ನೊಂದು ಥರ.

ಕೊನೆಗೆ ಒಬ್ಬ ಹುಡುಗಿ ಎದ್ದು ಕೇಳಿದ್ಲು, ಹಾಗಾದ್ರೆ ಸಿಓ ಮುಟ್ಟೋ ಮುಂಚೆ ಏನಿತ್ತು ಅಂತ ತಿಳ್ಕೊಳ್ಳೋದು ಹೇಗೆ ಸಾರ್ ಅಂತ. ಒಳ್ಳೇ ಪ್ರಶ್ನೆ. ಸಿಓ ಹಾಕೋ ಮುಂಚೆನೂ ಒಂದು ಎಕ್ಸಾಫ್ಸ್ ಬೇಕು, ಅದಕ್ಕೆ ಬೇಕಾದ ಬೀಮ್ ಟೈಮ್, ಅಂದ್ರೆ ದೊಡ್ಡ ಎಕ್ಸ್-ರೇ ಕೇಂದ್ರದಲ್ಲಿ ಪಾಳಿ, ಸಿಗೋದು ಕಷ್ಟ, ಎಲ್ಲರಿಗೂ ಆಗಲ್ಲ. ಅದಿಲ್ಲದೆ ಲ್ಯಾಬಲ್ಲೇ ಮಾಡೋದಾದ್ರೆ ಸೆಲ್‌ನ ದ್ರವ ಸಾರಜನಕ ಹಾಕಿ ತಣ್ಣಗೆ ಇಡು, ಕೀಳೋಕೆ ಶಕ್ತಿ ಬೇಕು, ತಣ್ಣಗಿದ್ದಷ್ಟೂ ಅದು ನಿಧಾನ ಆಗುತ್ತೆ. ಸಿಓನ ಒಂದೇ ಸಲ ಬಿಡಬೇಡ, ಚಿಟಿಕೆ ಚಿಟಿಕೆ ಬಿಡು. ಅರ್ಧ ನಿಮಿಷಕ್ಕೊಂದು ಸ್ಪೆಕ್ಟ್ರಮ್ ತಗೋತಾ ಹೋಗು, ಎಲ್ಲಾ ಮುಗಿದ ಮೇಲೆ ಕೊನೆಯ ಒಂದನ್ನ ಮಾತ್ರ ಸೇವ್ ಮಾಡ್ಕೊಂಡು ಬರಬೇಡ. ಮತ್ತೆ ಸ್ಕೇಲ್‌ನ 2200ಕ್ಕೇ ಕತ್ತರಿಸಿ ಪ್ಲಾಟ್ ಮಾಡೋ ಅಭ್ಯಾಸ ಇದ್ರೆ ಬಿಟ್ಬಿಡು, 3700ರ ಹತ್ತಿರ ಹೈಡ್ರಾಕ್ಸಿಲ್ ಇಳೀತಿದ್ಯಾ ಅಂತ ಅದೇ ಫೈಲಲ್ಲಿ ಇರುತ್ತೆ, ತೆರೆದು ನೋಡು.